ಆಮೇಲೆ ಬರ್ತೀನಿ

ಶವಪೆಟ್ಟಿಗೆಯ ತಲೆಭಾಗ ಕೋಣೆಯೊಳಗೆ ಹೋಯಿತು, ನಡು ಸಿಕ್ಕಿಕೊಂಡಿತು. ಬಡಗಿ ಹಿಂದಕ್ಕೆಳೆದ, ಓರೆ ಮಾಡಿದ, ಇನ್ನೊಮ್ಮೆ ನೂಕಿದ. ಬಾಗಿಲು ಒಳಗಿನ ಮಂಚಕ್ಕೆ ತಗುಲಿ ಪೂರ್ತಿ ತೆರೆಯುತ್ತಿರಲಿಲ್ಲ. ಮಂಚದ ಮೇಲೆ ಮಲಗಿದ್ದವರಿಗೆ ಸ್ವಲ್ಪ ಏಳಿ, ಮಂಚ ಸರಿಸಬೇಕು ಎನ್ನುವ ಹಾಗೂ ಇರಲಿಲ್ಲ.

"ಬಾಗಿಲು ಬಿಚ್ಚಬೇಕಮ್ಮ," ಎಂದ ಬಡಗಿ. "ಮತ್ತೆ ಹಾಕಿಕೊಡ್ತೀನಿ, ಯೋಚನೆ ಬೇಡ."

"ಬಿಚ್ಚಿ," ಎಂದಳು ಮಗಳು.

ಪಡಸಾಲೆಯಲ್ಲಿ ಕೂತಿದ್ದ ಅತ್ತೆ, ಅಂದರೆ ಸತ್ತವನ ತಂಗಿ, ಅಲ್ಲಿಂದಲೇ ದನಿಯೆತ್ತಿದರು. "ಬೆಳಿಗ್ಗೆ ಬಂದು ಅಳತೆ ತಗೊಂಡು ಹೋದೆಯಲ್ಲಪ್ಪ ನೀನು?"

"ಅವರ ಅಳತೆ ತಗೊಂಡೆ ತಾಯಿ. ಮನೆ ಅಳತೆ ತಗೊಳ್ಳಲಿಲ್ಲ."

ಪೆಟ್ಟಿಗೆಯ ಮುಚ್ಚಳವನ್ನು ಎದುರುಗಡೆಯ ಮುಚ್ಚಿದ ಬಾಗಿಲಿಗೆ ಒರಗಿಸಿ ಅವನು ತಿರುಪುಗಳನ್ನು ಬಿಚ್ಚತೊಡಗಿದ. ಆ ಎದುರುಗಡೆಯದು ಮಗಳ ಕೋಣೆ. ಎರಡು ಬಾಗಿಲುಗಳ ನಡುವೆ ಇದ್ದದ್ದು ಇಕ್ಕಟ್ಟಾದ ಪಡಸಾಲೆ, ಅಷ್ಟೇ. ಅರ್ಧ ಕೆಲಸದಲ್ಲಿ ಬಡಗಿ ಬಾಗಿಲಿನ ಹೊರಮೈಯನ್ನು ಕೈಯಿಂದ ಸವರಿ ನಿಂತ. ಚಿಲಕವಿರಬೇಕಾದ ಜಾಗದಲ್ಲಿ ತೂತುಗಳಿಗೆ ಪುಟ್ಟಿ ತುಂಬಿ ಬಣ್ಣ ಬಳಿದಿತ್ತು.

"ಇಲ್ಲಿ ಹೊರಗಡೆ ಚಿಲಕ ಇತ್ತಲ್ವಾ? ಯಾರು ಕಿತ್ತದ್ದು?"

"ಅಪ್ಪ. ಎಲ್ಲಾ ಬಾಗಿಲದ್ದೂ ಕಿತ್ತ. ಬಚ್ಚಲದ್ದೂ."

"ಯಾಕೆ?"

"ಚಿಲಕ ಒಳಗಿರೋರ ಕೈಲಿರಬೇಕಂತೆ. ಹೊರಗಿಂದ ಯಾರೂ ಯಾರನ್ನೂ ಕೂಡಿ ಹಾಕಬಾರದಂತೆ."

"ಏನು ಕೆಲಸದಲ್ಲಿದ್ರು?"

"ಜೈಲಲ್ಲಿ ವಾರ್ಡರ್."

ಬಡಗಿ ನಗಬೇಕೋ ಬೇಡವೋ ತಿಳಿಯದೆ ತಿರುಪಿನ ಕಡೆಗೆ ಬಗ್ಗಿದ.

ಕುರ್ಚಿಗಳ ವಿಷಯವನ್ನೂ ಹೇಳಬೇಕು. ಅತ್ತೆ ಬೆಳಿಗ್ಗೆ ಬಂದವರೇ ಕಣ್ಣೊರೆಸಿಕೊಂಡು, ಬಾಡಿಗೆ ಅಂಗಡಿಗೆ ಫೋನು ಮಾಡಿ, ಪ್ಲಾಸ್ಟಿಕ್ ಕುರ್ಚಿಗಳನ್ನು ತರಿಸಿ ಮೆಟ್ಟಿಲ ಬುಡದಿಂದ ಬೀದಿಯ ಅಂಚಿನವರೆಗೆ ಸಾಲಾಗಿ ಹಾಕಿಸಿದ್ದರು. ಸರ್ಕಾರಿ ನೌಕರಿ ಮಾಡಿದವನು, ಇಲಾಖೆಯವರು ಬಂದೇ ಬರುತ್ತಾರೆ, ನಿಲ್ಲಿಸಿ ಮಾತಾಡಿಸುವುದಕ್ಕಾಗುತ್ತದೆಯೇ ಎಂಬುದು ಅವರ ವಾದ. ಈಗ ಬಿಸಿಲು ನೆತ್ತಿಗೇರಿತ್ತು. ಒಂದು ಕುರ್ಚಿಯಲ್ಲಿ ಕೆಳಗಿನ ಔಷಧಿ ಅಂಗಡಿಯವನು ಕೂತಿದ್ದ, ಇನ್ನೊಂದರ ಕೆಳಗೆ ಯಾರದೋ ನಾಯಿ ಮಲಗಿತ್ತು. ಉಳಿದವು ಬರಿದಾಗಿ ಕಾಯುತ್ತಿದ್ದವು.

"ಜೈಲಿನ ಆಫೀಸಿಗೆ ಎರಡು ಸಲ ಹೇಳಿದೆ," ಎಂದರು ಅತ್ತೆ. "‘ನೋಡ್ತೀವಿ’ ಅಂದ್ರು. ನೋಡೋಕೇನಿದೆ ಇಲ್ಲಿ, ಎಕ್ಸಿಬಿಷನ್ನಾ?"

"ಅವರು ಬರಲ್ಲ ಅತ್ತೆ."

"ಇಷ್ಟು ವರ್ಷ ಆದ ಮೇಲೂನಾ?"

"ಬರಲ್ಲ."

ಅತ್ತೆ ಮಡಿಲಿನ ಚೀಲವನ್ನು ಸರಿಮಾಡಿಕೊಂಡು ನಿಟ್ಟುಸಿರುಬಿಟ್ಟರು. "ಹೋಗ್ಲಿ ಬಿಡು. ನಿದ್ದೇಲೇ ಹೋದ, ಪುಣ್ಯವಂತ. ಯಾರನ್ನೂ ಕರೀಲಿಲ್ಲ, ಒಂದು ಲೋಟ ನೀರು ಕೊಡು ಅಂತ ಯಾರಿಗೂ ಹೇಳಲಿಲ್ಲ."

ಈ ಮಾತನ್ನು ಹುಟ್ಟಿಸಿದವಳು ಮಗಳೇ. ನಿನ್ನೆ ಸಂಜೆ ಔಷಧಿ ಅಂಗಡಿಯವನನ್ನು ಕರೆಯಲು ಮೆಟ್ಟಿಲಿಳಿಯುವಾಗ ಅದು ತಾನಾಗಿ ಬಾಯಿಗೆ ಬಂದಿತ್ತು. ಅವನು ಡಾಕ್ಟರಿಗೆ ಹೇಳಿದ, ಡಾಕ್ಟರು ತಲೆಯಾಡಿಸಿದರು, ಬೆಳಗಾಗುವಷ್ಟರಲ್ಲಿ ಅತ್ತೆಗೆ ತಲುಪಿತ್ತು. ಈಗ ಮೆಟ್ಟಿಲು ಹತ್ತಿ ಬಂದವರೆಲ್ಲ ಅದನ್ನೇ ಅವಳ ಕೈಗೆ ಹಿಂದಿರುಗಿಸಿ ಸಮಾಧಾನ ಹೇಳುತ್ತಿದ್ದರು. ನಿಜ ಅವಳೊಬ್ಬಳಿಗೇ ಗೊತ್ತಿತ್ತು. ಬಾಯಲ್ಲಿಟ್ಟ ಬಿಸಿತುಪ್ಪ ಅದು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

*

ಅವಳ ಬಾಲ್ಯ ಕಳೆದದ್ದು ಜೈಲಿನ ಗೋಡೆಗೆ ಅಂಟಿಕೊಂಡಿದ್ದ ಕ್ವಾರ್ಟರ್ಸಿನಲ್ಲಿ. ಗೋಡೆಯ ಆಚೆ ಗಂಟೆ ಹೊಡೆದರೆ ಈಚೆ ಹೆಂಗಸರು ಒಲೆ ಹಚ್ಚುತ್ತಿದ್ದರು. ಅಲ್ಲಿ ಅಪ್ಪನಿಗೆ ‘ನೆಂಟ’ ಎಂದು ಅಡ್ಡಹೆಸರು.

ಅದಕ್ಕೊಂದು ಕಾರಣವಿತ್ತು. ಕೈದಿಯ ಕೋಣೆಯ ಬೀಗ ತೆಗೆಯುವ ಮುಂಚೆ ಅಪ್ಪ ಬಾಗಿಲನ್ನು ಎರಡು ಸಲ ತಟ್ಟುತ್ತಿದ್ದ. ತಟ್ಟಿ, ಒಳಗಿನವನು ‘ಹ್ಞೂಂ’ ಅನ್ನುವವರೆಗೆ ಹೊರಗೇ ನಿಲ್ಲುತ್ತಿದ್ದ. ಒಳಗಿನವನು ಬಟ್ಟೆ ಬದಲಿಸುತ್ತಿರಬಹುದು, ಬಕೆಟ್ಟಿನ ಮೇಲೆ ಕೂತಿರಬಹುದು, ಅಳುತ್ತಿರಬಹುದು. ಉಳಿದ ವಾರ್ಡರುಗಳಿಗೆ ಇದು ನಗೆಪಾಟಲು. ಬೀಗದಕೈ ಗೊಂಚಲು ಸೊಂಟಕ್ಕೆ ಕಟ್ಕೊಂಡು ಒಳಗೆ ಬರಲಾ ಅಂತ ಕೇಳ್ತಾನಲ್ಲ, ಹೆಣ್ಣು ನೋಡೋಕೆ ಬಂದ ನೆಂಟ ನೋಡು ಎಂದು ಕಿಚಾಯಿಸುತ್ತಿದ್ದರು. ಅಪ್ಪನೂ ಅವರ ಜೊತೆ ನಗುತ್ತಿದ್ದ. ಒಂದೇ ಒಂದು ಸಲ, ಅವರಲ್ಲೊಬ್ಬ ಬಿಡದೆ ಕೇಳಿದಾಗ, "ಬೀಗ ಸರ್ಕಾರದ್ದು ಕಣಯ್ಯ. ಒಳಗಿರೋ ಮನುಷ್ಯ ಸರ್ಕಾರದ್ದಲ್ಲವಲ್ಲ," ಎಂದಿದ್ದ.

ಒಂದು ವರ್ಷ ಬೇಸಿಗೆಯಲ್ಲಿ ಒಬ್ಬ ಸೈಕಲ್ ಕಳ್ಳನನ್ನು ಒಂಟಿ ಕೋಣೆಗೆ ಹಾಕಿದರು. ಏನೋ ಎದುರು ಮಾತಾಡಿದನಂತೆ. ಜೇಲರು ಬೀಗ ಜಡಿಸಿ ಬೀಗದಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಹುಡುಗನಿಗೆ ಜ್ವರ ಬಂದಿತ್ತು. ನೀರು ಬೇಕೆಂದು ಬಾಗಿಲು ತಟ್ಟಿದ. ಆ ಮಧ್ಯಾಹ್ನವೆಲ್ಲ ತಟ್ಟಿದ. ಆಮೇಲೆ ತಟ್ಟುವುದು ನಿಂತಿತು.

ವಿಚಾರಣೆಗೆ ದೊಡ್ಡ ಸಾಹೇಬರೊಬ್ಬರು ಬಂದರು. ಏನೂ ಕೇಳಿಸಲಿಲ್ಲ ಎಂದು ವಾರ್ಡರುಗಳೆಲ್ಲ ಒಬ್ಬರಾದ ಮೇಲೊಬ್ಬರು ಹೇಳಿ ಹೊರಬಂದರು. ಅಪ್ಪ ಒಳಗೆ ಹೋಗಿ, ಕೇಳಿಸ್ತು ಎಂದ. "ಅವನು ತಟ್ಟಿದ. ಎಲ್ಲರಿಗೂ ಕೇಳಿಸ್ತು. ನಾನು ಬೀಗದಕೈ ಕೇಳೋಕೆ ಹೋದೆ. ಕೊಡಲ್ಲ ಅಂದ್ರು, ವಾಪಸ್ ಬಂದೆ. ವಾಪಸ್ ಬಂದದ್ದು ನನ್ನ ತಪ್ಪು, ಅದನ್ನೂ ಬರ್ಕೊಳ್ಳಿ."

ಜೇಲರಿಗೆ ಬೇರೆ ಜೈಲು ಸಿಕ್ಕಿತು. ಅಪ್ಪನಿಗೆ ಬೇರೆ ಊರು. ನೀರಲ್ಲಿದ್ದುಕೊಂಡು ಮೊಸಳೆಯ ಜೊತೆ ದ್ವೇಷ ಕಟ್ಟಿಕೊಂಡವನಿಗೆ ಇನ್ನೇನು ಸಿಗುತ್ತದೆ? ಸಾಮಾನು ಲಾರಿಗೆ ತುಂಬುವಾಗ ಕ್ವಾರ್ಟರ್ಸಿನ ಒಬ್ಬರೂ ಹೊರಗೆ ಬರಲಿಲ್ಲ. ಒಂದೇ ತಟ್ಟೆಯಲ್ಲಿ ತಿಂದು ಬೆಳೆದ ಪಕ್ಕದ ಮನೆಯ ಗೆಳತಿ ಕಿಟಕಿ ಎಳೆದುಕೊಂಡಳು. ಆ ಕಿಟಕಿ ಮುಚ್ಚಿದ ಸದ್ದನ್ನು ಮಗಳು ಇವತ್ತಿಗೂ ಮರೆತಿಲ್ಲ.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು ಅಮ್ಮ, ಲಾರಿಯಲ್ಲಿ ಕೂತು. "ಒಬ್ಬ ಕಳ್ಳನಿಗೋಸ್ಕರ ನನ್ನ ಮಗಳ ಮನೆ ಕಳೆದ್ರಿ."

"ಕಳ್ಳನಿಗೂ ಬಾಯಾರತ್ತೆ," ಎಂದ ಅಪ್ಪ.

ಹೊಸ ಊರಿನಲ್ಲಿ ಸಿಕ್ಕ ಬಾಡಿಗೆ ಮನೆಯ ಗೋಡೆಗಳು ಸದಾ ಒದ್ದೆ. ಅಮ್ಮನ ಎದೆ ಅಲ್ಲಿಯೇ ಕಟ್ಟಿಕೊಂಡಿತು, ಕೆಮ್ಮಿ ಕೆಮ್ಮಿ ಅಲ್ಲಿಯೇ ಹೋದಳು. ಆ ಸೈಕಲ್ ಕಳ್ಳನ ಮೇಲೆ ಮಗಳಿಗೆ ಯಾವತ್ತೂ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಅಪ್ಪನ ಮೇಲೆ. ಅವನು ಮಾಡಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಸರಿಯಾದದ್ದಕ್ಕೆ ಸಿಟ್ಟು ಮಾಡಿಕೊಂಡರೆ ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗುವುದಿಲ್ಲ, ಹೇಳಿಕೊಳ್ಳದ ಸಿಟ್ಟು ಆರುವುದೂ ಇಲ್ಲ.

*

ಬಡಗಿ ಬಾಗಿಲನ್ನು ಎತ್ತಿ ಗೋಡೆಗೆ ಒರಗಿಸುವ ಹೊತ್ತಿಗೆ ಮೆಟ್ಟಿಲಿನ ಕಡೆಯಿಂದ ಟಕ್ ಟಕ್ ಎಂದು ಸದ್ದಾಯಿತು.

ಮಗಳ ಕೈಯಲ್ಲಿದ್ದ ನೀರಿನ ಚೊಂಬು ಅಲುಗಿ ನೆಲಕ್ಕೆ ತುಳುಕಿತು.

"ತೆಗೆದಿರೋ ಬಾಗಿಲನ್ನ ಯಾರಪ್ಪ ತಟ್ಟೋದು?" ಎಂದರು ಅತ್ತೆ.

ಮುಂಬಾಗಿಲು ಬೆಳಿಗ್ಗೆಯಿಂದ ಹಾರು ಹೊಡೆದಿತ್ತು. ಅದರ ಆಚೆ ಒಬ್ಬ ನಡುವಯಸ್ಸು ದಾಟಿದವನು ಹೊಸ್ತಿಲನ್ನು ಮುಟ್ಟದೆ ನಿಂತಿದ್ದ. ಅಂಗಿ ಇಸ್ತ್ರಿ ಕಂಡಿತ್ತು, ಉಗುರಿನ ಸಂದಿಯಲ್ಲಿ ಮಾತ್ರ ಹಿಟ್ಟು ಉಳಿದಿತ್ತು.

"ಬನ್ನಿ," ಎಂದಳು ಮಗಳು.

ಆಗ ಒಳಗೆ ಬಂದ.

"ಇಲಾಖೆಯವರಾ?" ಅತ್ತೆ ಆಸೆಯಿಂದ ಕೇಳಿದರು.

"ಒಂಥರಾ ಹೌದು ತಾಯಿ. ನಾನು ಒಳಗಡೆ ಇದ್ದೋನು." ಅತ್ತೆಗೆ ಅರ್ಥವಾಗಲಿಲ್ಲವೆಂದು ಕಂಡು ಸೇರಿಸಿದ. "ಕೈದಿ. ಈಗ ಬೇಕರೀಲಿ ಕೆಲಸ. ಅಲ್ಲೇ ಕಲಿತಿದ್ದು."

ಅತ್ತೆಯ ಕೈ ತಾನಾಗಿ ಮಡಿಲಿನ ಚೀಲವನ್ನು ಹಿಡಿದುಕೊಂಡಿತು. ಬೇಕರಿಯವನು ಅದನ್ನು ಕಂಡ, ಕಂಡು ಅಭ್ಯಾಸವಾದವನಂತೆ ಬೇರೆ ಕಡೆ ನೋಡಿದ. ಅತ್ತೆಗೂ ನಾಚಿಕೆಯಾಗಿರಬೇಕು. ಚೀಲವನ್ನು ನೆಲಕ್ಕಿಟ್ಟು, "ಕೂತ್ಕೋಪ್ಪ, ಕೆಳಗೆ ಬೇಕಾದಷ್ಟು ಕುರ್ಚಿ ಇದೆ," ಎಂದರು. ಆಮೇಲೆ ಅದೇ ಮಾತು. "ನಿದ್ದೇಲೇ ಹೋದ ನಮ್ಮಣ್ಣ. ಅಂಥ ಸಾವು ಬೇಡಿಕೊಂಡರೂ ಸಿಗಲ್ಲ."

ಬೇಕರಿಯವನು ತಲೆಯಾಡಿಸಿದ. ಮಗಳು ಬಟ್ಟೆ ತಂದು ಚೆಲ್ಲಿದ ನೀರನ್ನು ಒರೆಸಿದಳು. ನೆಲ ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

*

ನಿನ್ನೆ ಮಧ್ಯಾಹ್ನ ಅವಳು ತನ್ನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಶಾಲೆಯ ಸಮವಸ್ತ್ರಗಳ ಕೆಲಸ. ಬಾಗಿಲು ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಈ ಮನೆಯಲ್ಲಿ ಚಿಲಕ ಹಾಕುವ ಅಗತ್ಯವೇ ಇರಲಿಲ್ಲ. ಮುಚ್ಚಿದ ಬಾಗಿಲನ್ನು ಅಪ್ಪ ತಾನಾಗಿ ತೆರೆದವನಲ್ಲ. ತಟ್ಟುತ್ತಿದ್ದ, ನಿಲ್ಲುತ್ತಿದ್ದ. ಚಹಾ ಕುಡೀತೀಯಾ, ನಲ್ಲೀಲಿ ನೀರು ಬಂತು, ಕರೆಂಟು ಹೋಗತ್ತಂತೆ, ಇಂಥವೇ ಏನಾದರೂ. ಅವಳಿಗೆ ಮನಸ್ಸಿದ್ದರೆ ‘ಬಾ’ ಅನ್ನುವಳು. ಮನಸ್ಸಿಲ್ಲದಿದ್ದರೆ ಸುಮ್ಮನಿರುವಳು, ಅವನು ಹೋಗುವನು. ಅಪ್ಪನನ್ನು ಶಿಕ್ಷಿಸಲು ಅವಳ ಹತ್ತಿರ ಇದ್ದದ್ದು ಅದೊಂದೇ.

ಟಕ್ ಟಕ್.

ಅವಳು ಯಂತ್ರ ನಿಲ್ಲಿಸಿದಳು. ಉಸಿರು ಬಿಗಿಹಿಡಿದು ಕೂತಳು. ಕಾರಣ ಕೇಳಿದರೆ ಹೇಳಲು ಏನೂ ಇಲ್ಲ. ಬೆಳಿಗ್ಗೆ ಜಗಳವಾಗಿರಲಿಲ್ಲ, ಮಾತೂ ಆಗಿರಲಿಲ್ಲ. ಹಳೆಯ ಬೇಸರ, ಅಷ್ಟೇ. ಯಂತ್ರದ ಸದ್ದು ನಿಂತಿತೆಂದರೆ ಅವಳಿಗೆ ಕೇಳಿಸಿತೆಂದು ಆಚೆ ನಿಂತವನಿಗೆ ಗೊತ್ತಾಗದಿರುತ್ತದೆಯೇ? ಗೊತ್ತಾಗಲಿ ಎಂದೇ ಇರಬೇಕು.

ಬಾಗಿಲಿನ ಆಚೆ ಅವನ ಉಸಿರು ಕೇಳಿಸುತ್ತಿತ್ತು. ಎಂದಿಗಿಂತ ದೊಡ್ಡದಾಗಿ ಕೇಳಿಸುತ್ತಿತ್ತು. ಎಂದಿಗಿಂತ ಹೆಚ್ಚು ಹೊತ್ತು ನಿಂತಿದ್ದ.

"ಇರ್ಲಿ," ಎಂದ. "ಆಮೇಲೆ ಬರ್ತೀನಿ."

ಹೆಜ್ಜೆಗಳು ದೂರವಾದವು. ಚಪ್ಪಲಿಯ ಸದ್ದು ಒಂದು ಕಾಲಿನದು ಮಾತ್ರ ಬಂತು. ಅದೂ ಅವಳ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಬೀಳಲಿಲ್ಲ. ಅವಳು ಮತ್ತೆ ಯಂತ್ರ ತುಳಿದಳು.

ದೀಪ ಹಾಕುವ ಹೊತ್ತಿಗೆ ಬಾಗಿಲು ತೆರೆದರೆ ಹೊಸ್ತಿಲ ಆಚೆ ಅಪ್ಪನ ಒಂದು ಚಪ್ಪಲಿ ಬಿದ್ದಿತ್ತು. ಎದುರಿನ ಕೋಣೆಯ ಮಂಚದ ಮೇಲೆ ಅವನು ಎದೆಯ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದ್ದ. ಇನ್ನೊಂದು ಚಪ್ಪಲಿ ಕಾಲಿನಲ್ಲೇ ಇತ್ತು. ತಾನಾಗಿ ಬಾಗಿಲು ತಳ್ಳಿದ್ದರೆ ತೆರೆಯುತ್ತಿತ್ತು. ತಳ್ಳಲಿಲ್ಲ. ಸಾಯುವಾಗಲೂ ಈ ಮನುಷ್ಯನಿಗೆ ಅಪ್ಪಣೆ ಬೇಕಿತ್ತು.

ಅವಳು ಅವನ ಮುಷ್ಟಿ ಬಿಡಿಸಿದಳು. ಕಾಲಿನ ಚಪ್ಪಲಿ ತೆಗೆದಳು, ಹೊಸ್ತಿಲಿನದನ್ನು ತಂದಳು, ಎರಡನ್ನೂ ಜೋಡಿಸಿ ಮಂಚದ ಕೆಳಗಿಟ್ಟಳು. ಹೊದಿಕೆಯನ್ನು ಎದೆಯವರೆಗೆ ಎಳೆದಳು. ನಿದ್ದೆ ಮಾಡಿದವರ ಹಾಗೆ ಕಾಣುವಂತಾದ ಮೇಲೆ ಮೆಟ್ಟಿಲಿಳಿದಳು.

*

ಬಡಗಿ, ಬೇಕರಿಯವನು, ಔಷಧಿ ಅಂಗಡಿಯವನು ಸೇರಿ ಅಪ್ಪನನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ಎತ್ತುವುದು ಕಷ್ಟವಾಗಲಿಲ್ಲ. ಪೆಟ್ಟಿಗೆಯನ್ನು ಪಡಸಾಲೆಗೆ ತಂದು ಇಳಿಸಿದರು. ಜಾಗ ಇದ್ದದ್ದೇ ಅಷ್ಟು, ಮಗಳ ಕೋಣೆಯ ಬಾಗಿಲಿನ ಮುಂದೆ.

"ಇನ್ನೊಬ್ಬ ಬೇಕಲ್ಲ," ಎಂದರು ಅತ್ತೆ. "ಇಳಿಸೋಕೆ ನಾಲ್ಕು ಜನ ಬೇಡವಾ?"

"ನಮ್ಮ ಡ್ರೈವರ್ ಇದಾನೆ ತಾಯಿ, ಕರ್ಕೊಂಡು ಬರ್ತೀನಿ," ಎಂದು ಬಡಗಿ ಕೆಳಗೆ ಹೋದ. ಪೆಟ್ಟಿಗೆ ದಾಟಲು ಕುರ್ಚಿಗಳು ಅಡ್ಡವಾಗಿದ್ದವು. ಅವನ್ನು ತೆಗೆಸಲು ಅತ್ತೆ ಔಷಧಿ ಅಂಗಡಿಯವನನ್ನು ಕರೆದುಕೊಂಡು ಇಳಿದರು. ಯಾರೂ ಕೂರದ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುವ ಸದ್ದು ಮೇಲಕ್ಕೆ ಬರತೊಡಗಿತು.

ಬೇಕರಿಯವನು ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಮಗಳು ನೀರು ತಂದುಕೊಟ್ಟಳು.

"ನಿಮಗೆ ಅಪ್ಪ ಚೆನ್ನಾಗಿ ಗೊತ್ತಿದ್ನಾ?"

"ಮುಖ ಅಷ್ಟು ಗೊತ್ತಿಲ್ಲಮ್ಮ. ಕೈ ಗೊತ್ತು," ಎಂದ ಅವನು. ಬೆರಳಿನ ಗೆಣ್ಣಿನಿಂದ ಗಾಳಿಯಲ್ಲೇ ಎರಡು ಸಲ ತಟ್ಟಿ ತೋರಿಸಿದ. "ನಾನು ಅಲ್ಲಿಗೆ ಹೋದ ಹೊಸದರಲ್ಲಿ ನನಗೆ ಭಯ ಆಗ್ತಿತ್ತು. ಯಾರಿಗೋ ತಟ್ಟಿದ್ದು ಅಂದ್ಕೊಂಡು ಹಿಂದೆ ತಿರುಗಿ ನೋಡ್ತಿದ್ದೆ. ಆ ಕೋಣೇಲಿ ಇದ್ದೋನು ನಾನೊಬ್ಬನೇ."

ಮಗಳು ಅವನ ಎದುರು ನೆಲದ ಮೇಲೆ ಕೂತಳು. ಕೆಳಗಿನಿಂದ ಅತ್ತೆಯ ದನಿ ಕೇಳಿಸುತ್ತಿತ್ತು. ಅವರು ಮೇಲೆ ಬಂದರೆ ಇನ್ನು ಹೇಳಲಾಗುವುದಿಲ್ಲ ಎಂದು ಅವಳಿಗೆ ಅನಿಸಿತು.

"ಅಪ್ಪ ನಿದ್ದೇಲಿ ಹೋಗಲಿಲ್ಲ," ಎಂದಳು.

ಅವನು ಲೋಟ ಕೆಳಗಿಟ್ಟ.

"ನನ್ನ ಬಾಗಿಲು ತಟ್ಟಿದ. ನಾನು ಒಳಗಿದ್ದೆ. ಎಚ್ಚರ ಇದ್ದೆ. ಬಾ ಅನ್ನಲಿಲ್ಲ."

ಬೇಕರಿಯವನು ಪೆಟ್ಟಿಗೆಯಲ್ಲಿದ್ದವನ ಕಡೆ ನೋಡಿದ, ಆಮೇಲೆ ಮುಚ್ಚಳ ಒರಗಿಸಿದ್ದ ಬಾಗಿಲಿನ ಕಡೆ ನೋಡಿದ.

"ಚಿಲಕ ಹಾಕಿರಲಿಲ್ಲ," ಎಂದಳು. "ತಳ್ಳಿದ್ರೆ ಸಾಕಿತ್ತು."

"ಅವರು ತಳ್ಳೋರಲ್ಲ."

"ಗೊತ್ತು. ನನಗೆ ಗೊತ್ತಿತ್ತು."

ಅವನು ಉಗುರಿನ ಹಿಟ್ಟನ್ನು ಕೆರೆಯತೊಡಗಿದ. ಹೇಳಬೇಕೋ ಬೇಡವೋ ಎಂದು ತೂಗುತ್ತಿದ್ದನೇನೋ.

"ನಮ್ಮವ್ವ ಸತ್ತ ಸುದ್ದಿ ಒಳಗೆ ಬಂದ ದಿನ," ಎಂದು ಶುರು ಮಾಡಿದ, "ನಿಮ್ಮಪ್ಪ ಊಟ ತಂದು ತಟ್ಟಿದ್ರು. ನಾನು ಉತ್ತರ ಕೊಡಲಿಲ್ಲ. ಬೇರೆಯವರಾಗಿದ್ರೆ ಬೀಗ ತೆಗೆದು ಒಳಗೆ ಬಂದು, ಏನೋ ಅಳ್ತಿದೀಯಾ ಅಂತ ನಾಲ್ಕು ಜನಕ್ಕೆ ತೋರಿಸ್ತಿದ್ರು. ಇವರು ತೆಗೀಲಿಲ್ಲ. ಇರ್ಲಿ, ಆಮೇಲೆ ಬರ್ತೀನಿ ಅಂದ್ರು. ನಾನು ಗೋಡೆ ಕಡೆ ತಿರುಗಿ ಮನಸಾರೆ ಅತ್ತುಬಿಟ್ಟೆ ಅಮ್ಮ. ಆ ಜಾಗದಲ್ಲಿ ಏಳು ಅಂದ್ರೆ ಏಳಬೇಕು, ತಿನ್ನು ಅಂದ್ರೆ ತಿನ್ನಬೇಕು. ಬೇಡ ಅನ್ನೋಕೆ ನನಗೆ ಬಿಟ್ಟದ್ದು ಆ ಒಂದು ಬಾಗಿಲು ಮಾತ್ರ."

"ಆಮೇಲೆ?" ಎಂದಳು ಮಗಳು. "ಬಂದ್ನಾ?"

"ಬಂದ್ರು. ಸಂಜೆ ಬಂದು ಮತ್ತೆ ತಟ್ಟಿದ್ರು. ಊಟ ಬಿಸಿ ಮಾಡಿಸ್ಕೊಂಡು ಬಂದಿದ್ರು. ಆಮೇಲೆ ಬರ್ತೀನಿ ಅಂದ್ರೆ ಅವರು ಯಾವಾಗ್ಲೂ ಬರೋರು."

ಅವನು ಒಳ್ಳೆಯದನ್ನೇ ಹೇಳಿದ್ದ. ಅದು ಅವಳಿಗೆ ಗೊತ್ತಾಯಿತು. ಆದರೆ ಕೊನೆಯ ಮಾತು ನೇರವಾಗಿ ಹೋಗಿ ನಿನ್ನೆಯ ಮಧ್ಯಾಹ್ನಕ್ಕೆ ತಾಗಿತು. ಅವಳು ಮೊಣಕಾಲಿಗೆ ಮುಖವೊತ್ತಿ ಕೂತಳು. ಬೆಳಿಗ್ಗೆಯಿಂದ ಬಾರದ ಅಳು ಈಗಲೂ ಬರಲಿಲ್ಲ. ಇನ್ನು ಮುಂದೆ ಈ ಮನೆಯಲ್ಲಿ ಯಾರೂ ತಟ್ಟುವುದಿಲ್ಲ, ಬಾಗಿಲು ಮುಚ್ಚಿದರೂ ಒಂದೇ ತೆರೆದರೂ ಒಂದೇ ಎಂದು ಮೊದಲ ಸಲ ತಿಳಿದು ಅವಳಿಗೆ ಚಳಿಯಾಯಿತು.

ಮೆಟ್ಟಿಲಿನ ಮೇಲೆ ಕಾಲುಗಳ ಸದ್ದಾಯಿತು. ಬಡಗಿ ಬಂದ, ಡ್ರೈವರು ಬಂದ, ಏದುಸಿರುಬಿಡುತ್ತ ಅತ್ತೆ ಬಂದರು, ಹಿಂದೆ ಔಷಧಿ ಅಂಗಡಿಯವನು.

"ನೋಡೋರೆಲ್ಲ ನೋಡಿ ಆಯ್ತಾ?" ಎಂದ ಬಡಗಿ. ವೃತ್ತಿಯ ಮಾತು ಅದು, ಎಲ್ಲ ಮನೆಗಳಲ್ಲೂ ಕೇಳುವಂಥದ್ದು. ನೋಡುವವರು ಎಷ್ಟು ಜನವೆಂದು ಕಂಡು ಅವನೇ ದನಿ ತಗ್ಗಿಸಿದ.

ಅತ್ತೆ ಬಗ್ಗಿ ಅಣ್ಣನ ಹಣೆ ಮುಟ್ಟಿದರು. "ಹೋಗಿ ಬಾ. ನಿದ್ದೆ ಮಾಡ್ದಂಗೇ ಇದೀಯ." ಬೇಕರಿಯವನು ಮಗಳ ಕಡೆ ನೋಡಲಿಲ್ಲ.

ಮಗಳು ಒಮ್ಮೆ ಒಳಗೆ ಹೋಗಿ ಮಂಚದ ಕೆಳಗಿನ ಚಪ್ಪಲಿಗಳನ್ನು ತಂದಳು. ಪೆಟ್ಟಿಗೆಯಲ್ಲಿ ಅಪ್ಪನ ಕಾಲಿನ ಹತ್ತಿರ ಎರಡನ್ನೂ ಇಟ್ಟಳು.

ಬಡಗಿ ಅವಳ ಬಾಗಿಲಿಗೆ ಒರಗಿಸಿದ್ದ ಮುಚ್ಚಳವನ್ನು ತೆಗೆದು ಪೆಟ್ಟಿಗೆಯ ಮೇಲೆ ಕೂರಿಸಿದ. ಒಂದು ಮೂಲೆ ಸರಿಯಾಗಿ ಕೂರಲಿಲ್ಲ. ಸುತ್ತಿಗೆಯನ್ನು ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಮೂಲೆಯನ್ನು ಮೆಲ್ಲನೆ ಎರಡು ಸಲ ತಟ್ಟಿದ.

"ಬಾ ಅಪ್ಪ," ಎಂದಳು ಮಗಳು.

ಬಡಗಿಯ ಕೈ ಅಲ್ಲೇ ನಿಂತಿತು. ಅತ್ತೆ, "ಏನಮ್ಮ, ಏನಾಯ್ತು?" ಎಂದು ಅವಳ ತೋಳು ಹಿಡಿಯಲು ಬಂದರು. ಅವಳು ತೋಳು ಬಿಡಿಸಿಕೊಂಡು ಪೆಟ್ಟಿಗೆಯನ್ನು ಬಳಸಿ ಹೋಗಿ ತನ್ನ ಕೋಣೆಯ ಬಾಗಿಲನ್ನು ಗೋಡೆಗೆ ತಾಗುವವರೆಗೆ ತಳ್ಳಿದಳು. ಒಳಗೆ ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು ನಿನ್ನೆ ಬಿಟ್ಟ ಹಾಗೇ ಇತ್ತು.

"ಬಾ," ಎಂದಳು ಇನ್ನೊಮ್ಮೆ. "ಚಿಲಕ ಹಾಕಿಲ್ಲ."

"ಮುಗಿಸಲಾ?" ಎಂದು ಬಡಗಿ ಪಿಸುದನಿಯಲ್ಲಿ ಕೇಳಿದ.

"ಸ್ವಲ್ಪ ಇರಿ," ಎಂದ ಬೇಕರಿಯವನು.

ಬಡಗಿ ಸುತ್ತಿಗೆಯನ್ನು ನೆಲಕ್ಕಿಟ್ಟು ಕೈಕಟ್ಟಿಕೊಂಡ. ಅವಳು ತೆರೆದ ಬಾಗಿಲನ್ನು ಹಿಡಿದುಕೊಂಡು ನಿಂತಳು, ಉಳಿದವರೆಲ್ಲ ಹೊರಗೆ ಕಾದು ನಿಂತರು.